ಕಟ್ಟು ಸಾರಿಗಿರಲಿ, ಬೇಳೆ ಕೂಸಿಗಿರಲಿ

ಬೇಳೆಕಟ್ಟಿನ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಬೇಡವೆನ್ನುವಷ್ಟು ಅರಸಿಕಳು ನಾನಲ್ಲ. ಎರಡನೆಯ ದಿನಕ್ಕೆ ಉಳಿದ ಸಾರಿನ ರುಚಿ ಬಲ್ಲವಳು. ನನ್ನ ಜಗಳವೇನಿದ್ದರೂ ಆರು ತಿಂಗಳು ತುಂಬಿದ ಕೂಸಿನ ಬಟ್ಟಲಿಗೆ ಬಂದು ಕೂಡುವ ಕಟ್ಟಿನ ಜೊತೆ. "ಊಟಾ ಸುರು ಮಾಡೇವ್ರೀ ಅಕ್ಕೋರ, ದಿನಾ ಎರಡ ಹೊತ್ತು ಬ್ಯಾಳಿ ಕಟ್ಟ ಕುಡಸ್ತೀವಿ" ಎಂಬ ಮಾತನ್ನು ಗೋಕುಲ ರಸ್ತೆಯ ನಮ್ಮ ಬಡಾವಣೆಯಲ್ಲಿ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಹೇಳುವವರ ಮುಖದಲ್ಲಿ ಒಂದು ಸಮಾಧಾನ ಇರುತ್ತದೆ. ಕುಡಿಸುವುದನ್ನೇ ಊಟವೆಂದು ಕರೆದುಕೊಂಡ ಸಮಾಧಾನ ಅದು.

ಹೋಳಿಗೆ ಮಾಡುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿರಿ. ಕಡಲೆಬೇಳೆ ಬೆಂದ ಮೇಲೆ ಬಸಿಯುತ್ತೇವೆ. ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಕಟ್ಟಿನಿಂದ ಹೂರಣ ಮಾಡುತ್ತೇನೆಂದು ಯಾರೂ ಹೊರಡುವುದಿಲ್ಲ; ಸತ್ವ ಯಾವುದರಲ್ಲಿ ಉಳಿದಿದೆ ಎಂಬುದು ನಮ್ಮ ಕೈಗೇ ಗೊತ್ತು. ಆದರೆ ಕೂಸಿನ ಸರದಿ ಬಂದಾಗ ಅದೇ ಕೈ ತೊಗರಿಬೇಳೆಯ ಮೇಲಿನ ತಿಳಿಯನ್ನು ಬಟ್ಟಲಿಗೆ ಬಸಿದು, ಕೆಳಗಿನ ಬೇಳೆಯನ್ನು ಮನೆಯ ಗಂಡಸರ ಸಾರಿಗೆ ಬಿಡುತ್ತದೆ. ಅನ್ನದ ಗಂಜಿಯ ಕಥೆಯೂ ಇದೇ: ಅಗುಳು ಮನೆಯವರಿಗೆ, ತಿಳಿ ಕೂಸಿಗೆ. ಯಾಕೆಂದು ಕೇಳಿದರೆ ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಪಚನ ಆಗೂದಿಲ್ಲ. ಜಡ ಆಗ್ತದ. ಇನ್ನೂ ಹಲ್ಲ ಬಂದಿಲ್ಲ, ಏನ್ ಅಗೀತದ?

ಈ ಹಲ್ಲಿನ ಮಾತು ಕೇಳಿದಾಗಲೆಲ್ಲ ನನಗೆ ಆಶ್ಚರ್ಯ. ಆರು ತಿಂಗಳಿನ ಕೂಸು ಒಸಡಿನಿಂದ ನಮ್ಮ ಬೆರಳು ಕಚ್ಚಿದರೆ ನಾವೇ "ಅಯ್ಯೋ" ಎನ್ನುತ್ತೇವೆ. ಮೆತ್ತಗೆ ಬೆಂದ ಆಲೂಗಡ್ಡೆಗೆ, ಕಿವುಚಿದ ಬಾಳೆಹಣ್ಣಿಗೆ ಆ ಒಸಡು ಧಾರಾಳ ಸಾಕು. ಕೂಸಿನ ಕುತ್ತಿಗೆ ನಿಂತಿತೇ, ಆಸರೆ ಕೊಟ್ಟರೆ ಕೂಡುತ್ತದೆಯೇ, ಚಮಚ ಬಾಯಿಗಿಟ್ಟರೆ ನಾಲಿಗೆಯಿಂದ ಹೊರದಬ್ಬುವುದು ಕಡಿಮೆಯಾಯಿತೇ ಎಂದು ನೋಡಬೇಕೇ ಹೊರತು ಹಲ್ಲನ್ನು ಎಣಿಸುತ್ತ ಕೂಡುವುದಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿದವಳು, ವೈದ್ಯಳಲ್ಲ. ಆದರೆ ಇಲ್ಲಿ ಬೇಕಾಗಿರುವುದು ನಾಲ್ಕನೆಯ ಇಯತ್ತೆಯ ಲೆಕ್ಕ ಮಾತ್ರ. ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಕಿಲೋ ಒಂದಕ್ಕೆ ಸುಮಾರು 30 ಮಿಲಿ. ಏಳು ಕಿಲೋ ಕೂಸಾದರೆ 210 ಮಿಲಿ. ಒಂದು ಲೋಟದಷ್ಟು ಜಾಗ, ಮುಗಿಯಿತು. ಆ ಜಾಗದಲ್ಲಿ ಏನಿಡುತ್ತೀರಿ ಎಂಬುದೇ ಪ್ರಶ್ನೆ. ತಾಯಿಯ ಹಾಲಿನಲ್ಲಿ 100 ಮಿಲಿಗೆ ಸುಮಾರು 65 ಕ್ಯಾಲೊರಿ ಶಕ್ತಿ ಇದೆ. ಆರರಿಂದ ಎಂಟು ತಿಂಗಳ ಕೂಸಿಗೆ ತಾಯಿಯ ಹಾಲಿನ ಜೊತೆಗೆ ಹೊರಗಿನ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550 ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೊಟ್ಟೆ ಚಿಕ್ಕದು, ಬೇಕಾದದ್ದು ಹೆಚ್ಚು. ಹೀಗಿರುವಾಗ ಅಲ್ಲಿಗೆ ತಾಯಿಯ ಹಾಲಿಗಿಂತಲೂ ತೆಳುವಾದ ನೀರನ್ನು ತುಂಬಿದರೆ ಆಗುವುದೇನು? ಕೂಸಿನ ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ಮೊಲೆಯಿಂದ ಮುಖ ತಿರುವುತ್ತದೆ. ಇದ್ದದ್ದರಲ್ಲಿ ಉತ್ತಮವಾದದ್ದನ್ನು ಬಿಡಿಸಿ ನೀರು ಕುಡಿಸಿದಂತಾಯಿತು. ಕಟ್ಟು ನಿರುಪದ್ರವಿ ಎಂದು ಹೇಳುವವರಿಗೆ ನನ್ನ ಉತ್ತರ ಇದೇ: ಅದು ಜಾಗ ತಿನ್ನುತ್ತದೆ.

ಕಬ್ಬಿಣದ ಅಂಶದ ಮಾತು ಬೇರೆ. ಕೂಸು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ, ತಾಯಿಯ ಹಾಲಿನಲ್ಲಿ ಅದು ಕಡಿಮೆ. ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ನೂರಕ್ಕೆ 35. ಇವರೆಲ್ಲ ಹಸಿದುಕೊಂಡೇ ಮಲಗುವ ಮನೆಗಳ ಮಕ್ಕಳೆಂದು ತಿಳಿಯಬೇಡಿರಿ. ಒಂದನೆಯ ಇಯತ್ತೆಯಲ್ಲಿ ಹಾಜರಿ ಕರೆಯುವಾಗ ಮುಂದಿನ ಸಾಲಿನಲ್ಲಿ ಕೂತ ಬಿಳಿಚಿದ ಮುಖಗಳಲ್ಲಿ ಸ್ಕೂಟರಿನ ಮೇಲೆ ಬಂದಿಳಿಯುವವರೂ ಇದ್ದಾರೆ.

ಅಜ್ಜಿಯರ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶವಲ್ಲ. ಆರು ತಿಂಗಳಿಗೆ ಅನ್ನಪ್ರಾಶನ ಎಂಬ ಲೆಕ್ಕ ನಮ್ಮ ಹಿರಿಯರಲ್ಲಿ ಎಂದೋ ಇತ್ತು. ಜಗತ್ತಿನ ಪಂಡಿತರು ನಾಲ್ಕು ತಿಂಗಳೋ ಆರು ತಿಂಗಳೋ ಎಂದು ಬಹಳ ವರ್ಷ ತೂಗಾಡಿ, 2001ರಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ಆರು ತಿಂಗಳೆಂದು ಗೊತ್ತುಪಡಿಸಿದರು. (ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ಪಂಚಾಂಗದ ಮಾತು ಇದೆಯಲ್ಲ, ಅದನ್ನು ಮಾತ್ರ ಬಿಡಿರಿ. ಕರುಳಿಗೆ ಗಂಡು ಹೆಣ್ಣು ಗೊತ್ತಿಲ್ಲ.) ನನ್ನ ತಕರಾರು ಮುಹೂರ್ತದ್ದಲ್ಲ, ಮರುದಿನದ್ದು. ಬೆಳ್ಳಿ ಬಟ್ಟಲು ಬರುತ್ತದೆ, ಪಾಯಸ ಆಗುತ್ತದೆ, ಸೋದರಮಾವ ಬರುತ್ತಾನೆ, ಮೊಬೈಲಿನಲ್ಲಿ ನೂರು ಫೋಟೊ. ಮರುದಿನ ಬೆಳ್ಳಿ ಬಟ್ಟಲು ಕಪಾಟಿಗೆ, ಕೂಸು ಮತ್ತೆ ಕಟ್ಟಿಗೆ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ತಾಯಿಯ ಹಾಲಿನ ಜೊತೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದದ್ದು ದೇಶದಲ್ಲಿ ನೂರಕ್ಕೆ 46ಕ್ಕೆ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಕ್ಕವರು ನೂರಕ್ಕೆ 11. ಶಾಲೆಯಲ್ಲಿ ನೂರಕ್ಕೆ ಹನ್ನೊಂದು ಮಕ್ಕಳು ಪಾಸಾದರೆ ನನ್ನನ್ನು ಕರೆದು ಕೇಳುತ್ತಾರೆ. ಇದಕ್ಕೆ ಯಾರನ್ನು ಕರೆಯುವುದು?

ಅಜ್ಜಿಯ ಕಟ್ಟು ಬೇಡವೆಂದರೆ ಸೊಸೆ ತಕ್ಷಣ ಡಬ್ಬಿಯ ಕಡೆ ಕೈಚಾಚುತ್ತಾಳೆ. ಅಲ್ಲಿ ಇನ್ನೊಂದು ಜಗಳ. ಕೂಸುಗಳ ಡಬ್ಬಿ ಆಹಾರದ ಜಾಹೀರಾತಿಗೆ ಕಡಿವಾಣ ಹಾಕಲು ನಮ್ಮ ದೇಶದಲ್ಲಿ 1992ರಲ್ಲಿಯೇ ಕಾನೂನು ಬಂತು, 2003ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೆಲ್ಲ ಅದು ಬಿಗಿಯಾಯಿತು. ಜಾಹೀರಾತು ನಿಂತರೂ ಡಬ್ಬಿಯ ಮರ್ಯಾದೆ ನಿಲ್ಲಲಿಲ್ಲ. ಬಾಣಂತಿಯನ್ನು ನೋಡಲು ಬರುವವರ ಚೀಲದಲ್ಲಿ ಅದು ಇಂದಿಗೂ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ಮತ್ತು ಕೂಸಿನ ಆಹಾರದ ಬಗ್ಗೆ ಕೆಲಸ ಮಾಡುವ ಇಬ್‌ಫ್ಯಾನ್ ಕೂಡಿ ಒಂದು ವರದಿ ಹೊರಡಿಸಿದವು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಹತ್ತಿರ ಹತ್ತಿರ 3 ಗ್ರಾಂ ಸಕ್ಕರೆ ಬೆರೆಸಿದ್ದು ಕಂಡಿತು. ಅದೇ ನೆಸ್ಲೆ ಕಂಪನಿ ಜರ್ಮನಿ, ಇಂಗ್ಲೆಂಡುಗಳಲ್ಲಿ ಮಾರುವ ಅಂಥದೇ ಆಹಾರದಲ್ಲಿ ಬೆರೆಸಿದ ಸಕ್ಕರೆ ಇರಲಿಲ್ಲ. ಕಾನೂನಿನ ಮಿತಿಯಲ್ಲೇ ಇದ್ದೇವೆ, ಐದು ವರ್ಷಗಳಲ್ಲಿ ಸಕ್ಕರೆ ಇಳಿಸಿದ್ದೇವೆ ಎಂದು ಕಂಪನಿ ಹೇಳಿತು. ಆ ವರ್ಷದ ಅಕ್ಟೋಬರಿನಲ್ಲಿ ಸಕ್ಕರೆಯಿಲ್ಲದ ಬಗೆಗಳನ್ನೂ ತರುತ್ತೇವೆಂದು ಸಾರಿತು. ಒಳ್ಳೆಯದೇ. ಆದರೆ ಜರ್ಮನಿಯ ಕೂಸಿಗೆ ಮೊದಲಿನಿಂದ ಬೇಡವಾಗಿದ್ದ ಸಕ್ಕರೆ ಹುಬ್ಬಳ್ಳಿಯ ಕೂಸಿಗೆ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ರುಚಿ ಸಿಹಿಯಾದರೆ ಮರುವಾರ ಪಾಲಕದ ಬೇಳೆಗೆ ಕೂಸು ಬಾಯಿ ಬಿಗಿಹಿಡಿಯುತ್ತದೆ. ಆಗ ಮನೆಯವರು "ನಮ್ಮ ಕೂಸಿಗೆ ಡಬ್ಬೀದ ಆಗಬೇಕ್ರಿ" ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ಚಹಾದಲ್ಲಿ ಅದ್ದಿದ ಬಿಸ್ಕೀಟಿಗೂ ಇದೇ ಮಾತು ಸಲ್ಲುತ್ತದೆ. ಅದು ಡಬ್ಬಿಯ ಬಡ ತಂಗಿ.

ವಿಚಿತ್ರವೆಂದರೆ ತೆಳ್ಳಗಿರಬೇಕು, ಆದರೆ ಸತ್ವವೂ ಇರಬೇಕು ಎಂಬ ಸಮಸ್ಯೆಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿತ್ತು. ಹಿಟ್ಟಿಗೆ ನೀರು ಹಾಕಿ ಕಾಯಿಸಿದರೆ ಅದು ಉಬ್ಬಿ ಬಿಗಿಯುತ್ತದೆ. ಬಿಗಿಯಿತೆಂದು ಮತ್ತೆ ನೀರು ಹಾಕುತ್ತೇವೆ. ಕಡೆಗೆ ಬಟ್ಟಲಲ್ಲಿ ಒಂದು ಚಮಚ ಹಿಟ್ಟು, ಉಳಿದದ್ದೆಲ್ಲ ನೀರು. ಕಾಳನ್ನು ಮೊಳಕೆ ಬರಿಸಿದರೆ ಅದರಲ್ಲಿ ಹುಟ್ಟುವ ಕಿಣ್ವ ಈ ಪಿಷ್ಟವನ್ನು ಕತ್ತರಿಸುತ್ತದೆ, ಹಿಟ್ಟು ಹೆಚ್ಚು ಹಾಕಿದರೂ ಅಂಬಲಿ ಹದವಾಗಿ ಉಳಿಯುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆ ಬಂದ ರಾಗಿ ಮತ್ತು ಹೆಸರುಕಾಳು ಕೂಡಿಸಿ ಇಂಥ ಕೂಸಿನ ಆಹಾರವನ್ನು ಸಿದ್ಧಪಡಿಸಿ 1982ರಲ್ಲಿ ಪ್ರಕಟಿಸಿದರು. ರಾಗಿ ನಮ್ಮ ಜೋಳದ ನಾಡಿನ ಮುಖ್ಯ ಧಾನ್ಯವಲ್ಲ ನಿಜ. ಆದರೆ ಈಗ ಯಾವ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ? ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶ ಇದೆ, ಅಕ್ಕಿ ಗೋಧಿಗಳು ಅದರ ಹತ್ತಿರವೂ ಬರುವುದಿಲ್ಲ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ತಿಕ್ಕಿ ಬೇರು ಉದುರಿಸಿ ಗಿರಣಿಗೆ ಕಳಿಸಿದರಾಯಿತು. ಹೆಸರನ್ನೂ ಹಾಗೆಯೇ. ನೂರಾರು ರೂಪಾಯಿಯ ಡಬ್ಬಿಯ ಮುಂದೆ ಇದರ ಖರ್ಚು ಯಾವ ಲೆಕ್ಕ?

ಅಂಗನವಾಡಿಯಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆಂದು ಕೊಡುವ ಪುಷ್ಟಿ ಪುಡಿಯ ಮಾತೂ ಇಲ್ಲಿ ಬರಬೇಕು. 1975ರಲ್ಲಿ ಸುರುವಾದ ಈ ಯೋಜನೆಯ ಮೊದಲ ಕೆಲವೇ ಜಾಗಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅರ್ಧ ಶತಮಾನವಾದರೂ ನಮ್ಮ ಓಣಿಯಲ್ಲಿ ಅಂಗನವಾಡಿಯ ಪುಡಿಯೆಂದರೆ "ಬಡವರದ್ದು" ಎಂಬ ಮೂಗುಮುರಿತ ತಪ್ಪಿಲ್ಲ. ಪೊಟ್ಟಣ ಬಂದರೆ ದೊಡ್ಡವರು ಉಂಡೆ ಕಟ್ಟಿ ತಿನ್ನುತ್ತಾರೆ, ಇಲ್ಲವೆ ಎಮ್ಮೆಗೆ ಹೋಗುತ್ತದೆ. ಕೂಸಿಗೆ? ಕಟ್ಟು.

ಹಾಗಾದರೆ ಏನು ಕೊಡಬೇಕು ಎಂದು ಕೇಳುತ್ತೀರಿ. ಮನೆಯಲ್ಲಿ ಇದ್ದದ್ದನ್ನೇ, ಖಾರ ಹಾಕುವ ಮೊದಲು ತೆಗೆದಿಟ್ಟು ಕೊಡಿರಿ. ಹೆಸರುಬೇಳೆ ಅನ್ನ ಕೂಡಿಸಿ ಮೆತ್ತಗೆ ಬೇಯಿಸಿ ಹಿಚುಕಿ, ಮೇಲೊಂದು ಚಮಚ ತುಪ್ಪ. ಬಿಸಿ ಜೋಳದ ರೊಟ್ಟಿಯ ಮೆತ್ತನೆಯ ಭಾಗ ಮುರಿದು ಗಟ್ಟಿ ಬೇಳೆಯಲ್ಲಿ ನೆನೆಸಿ ಕಿವುಚಿದ್ದು. ಗಜ್ಜರಿ, ಕುಂಬಳಕಾಯಿ, ಮೆಂತ್ಯದ ನಾಲ್ಕು ಎಲೆ, ಗಟ್ಟಿ ಮೊಸರು, ಬಾಳೆಹಣ್ಣು. ತಿನ್ನುವ ಮನೆಯವರು ಬೇಯಿಸಿದ ತತ್ತಿಯನ್ನೂ ಕೊಡಲಿ. 2021ರಲ್ಲಿ ಶಾಲೆಯ ಬಿಸಿಯೂಟಕ್ಕೆ ತತ್ತಿ ಬಂದಾಗ ಎದ್ದ ಗಲಾಟೆ ಅಡುಗೆಮನೆಯವರೆಗೆ ಬರುವುದು ಬೇಡ. ಚಮಚ ಓರೆ ಮಾಡಿದರೆ ಊಟ ಸರಕ್ಕನೆ ಜಾರಿ ಬೀಳಬಾರದು, ಹದ ಅಷ್ಟೇ. ಮೊದಲ ದಿನ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ; ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು. ಒಂಬತ್ತು ತಿಂಗಳಾದ ಮೇಲೆ ನುಣ್ಣಗೆ ಮಾಡುವುದನ್ನು ಬಿಟ್ಟು ಗಂಟು ಗಂಟಾಗಿಯೇ ಇಡಿರಿ. ಮಿಕ್ಸರಿನಲ್ಲಿ ತಿರುವಿದ್ದನ್ನೇ ಎರಡು ವರ್ಷ ತಿಂದ ಮಕ್ಕಳು ಶಾಲೆಯ ಡಬ್ಬಿಯಲ್ಲಿ ಚಪಾತಿ ಕಂಡರೆ ಅದನ್ನು ಬಾಯಲ್ಲಿಟ್ಟುಕೊಂಡು ಗಂಟೆ ಹೊಡೆಯುವವರೆಗೆ ಕೂಡುತ್ತಾರೆ, ಅಗಿಯುವುದಿಲ್ಲ. ಇದನ್ನು ನಾನು ದಿನಾ ನೋಡುತ್ತೇನೆ.

ಶೇಂಗಾ ಮಾತ್ರ ಒಂದು ವರ್ಷ ಕಳೆಯಲಿ, ಮೈಮೇಲೆ ಎದ್ದೀತು ಎಂದು ಕೆಲವರು ಹೆದರಿಸುತ್ತಾರೆ. 2015ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಲೀಪ್ ಅಧ್ಯಯನದಲ್ಲಿ ಇದರ ಉಲ್ಟಾ ಕಂಡಿತು: ಅಲರ್ಜಿ ಬರುವ ಸಂಭವ ಹೆಚ್ಚಿದ್ದ ಕೂಸುಗಳಿಗೆ ವರ್ಷದೊಳಗೇ ಶೇಂಗಾ ತಿನ್ನಿಸತೊಡಗಿದಾಗ ಆ ಅಲರ್ಜಿ ಬಹಳ ಕಡಿಮೆಯಾಯಿತು. ಮೈಮೇಲೆ ಈಗಾಗಲೇ ಕಜ್ಜಿ ಇಸುಬು ಜಾಸ್ತಿ ಇರುವ ಕೂಸಾದರೆ ಡಾಕ್ಟರರನ್ನು ಕೇಳಿ ಕೊಡಬೇಕು. ಉಳಿದವರಿಗೆ ಖಾರ ಉಪ್ಪಿಲ್ಲದ ಶೇಂಗಾದ ನುಣ್ಣನೆಯ ಪುಡಿ ಅಂಬಲಿಯಲ್ಲಿ ಒಂದು ಚಮಚ ಬಿದ್ದರೆ ಲಾಭವೇ. ಇಡೀ ಕಾಳನ್ನು ಮಾತ್ರ ಕೈಗೆ ಕೊಡಬಾರದು, ಗಂಟಲಲ್ಲಿ ಸಿಕ್ಕರೆ ಜೀವಕ್ಕೇ ಕುತ್ತು. ಜೇನುತುಪ್ಪ ವರ್ಷ ತುಂಬುವವರೆಗೆ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಕಟ್ಟು ಯಾಕೆ ಗೆಲ್ಲುತ್ತದೆ? ಅಜ್ಞಾನದಿಂದ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟು ಗೆಲ್ಲುವುದು ಅದು ಬೇಗ ಇಳಿಯುತ್ತದೆ ಎಂಬುದಕ್ಕೆ. ಗಟ್ಟಿ ಊಟ ಉಣಿಸಲು ಅರ್ಧ ತಾಸು ಬೇಕು. ಕೂಸು ಉಗುಳುತ್ತದೆ, ಮೈಗೆಲ್ಲ ಬಳಿದುಕೊಳ್ಳುತ್ತದೆ, ನಕ್ಕು ಮತ್ತೆ ಬಾಯಿ ತೆರೆಯುತ್ತದೆ. ದಿನಕ್ಕೆ ಮೂರು ಸಲವೆಂದರೆ ಒಂದೂವರೆ ತಾಸು. ಈ ಒಂದೂವರೆ ತಾಸು ಯಾರ ಹತ್ತಿರ ಇದೆ?

2017ರಲ್ಲಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದರು. ದೊಡ್ಡ ಕೆಲಸ, ಹೊಗಳಬೇಕಾದದ್ದೇ. 26 ವಾರವೆಂದರೆ 182 ದಿನ. ತಾಯಿಯ ಹಾಲೊಂದೇ ಸಾಕೆನ್ನುವ ಅವಧಿ 180 ದಿನ. ಹೆರಿಗೆಗೆ ಮೊದಲು ಒಂದು ದಿನವೂ ರಜೆ ತೆಗೆದುಕೊಳ್ಳದೆ ದುಡಿದರೂ ಊಟಕ್ಕೆ ಉಳಿಯುವುದು ಎರಡು ದಿನ! ಕೂಸಿಗೆ ಕೈತುತ್ತು ಸುರುವಾಗುವ ವಾರವೇ ಅದರ ತಾಯಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಾನು ಬಲ್ಲ ಒಬ್ಬ ಹುಡುಗಿ ಈ ರಸ್ತೆಯ ಆಚೀಚೆಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಆ ಆರು ತಿಂಗಳೂ ಸಿಗಲಿಲ್ಲ. ಮೂರನೆಯ ತಿಂಗಳಿಗೆ ಫೋನ್ ಬಂತು: "ಬರೂದಿದ್ರ ಬರ್ರಿ, ಇಲ್ಲಂದ್ರ ಬ್ಯಾರೆಯವರನ್ನ ತಗೋತೀವಿ." ಬಂದಳು. ಕೂಸು ಅವಳ ಅತ್ತೆಯ ಕೈಯಲ್ಲಿ. ಆ ಹೆಂಗಸಿಗೆ ಮೊಣಕಾಲು ನೋವು, ನೆಲದಲ್ಲಿ ಕೂತು ಅರ್ಧ ತಾಸು ಉಣಿಸಲಾರರು. ಬಾಟಲಿಯ ನಿಪ್ಪಲ್ಲಿನ ತೂತನ್ನು ಕಾದ ಸೂಜಿಯಿಂದ ದೊಡ್ಡದು ಮಾಡಿ ಅದರೊಳಗಿಂದ ಕಟ್ಟು ಇಳಿಸುತ್ತಿದ್ದರು. ಕಟ್ಟೇ ಯಾಕೆ? ಬೇಳೆ ಆ ತೂತಿನಿಂದ ಇಳಿಯುವುದಿಲ್ಲ. ಯಾರನ್ನು ಬೈಯುತ್ತೀರಿ, ಆ ಅತ್ತೆಯನ್ನೇ? ನನಗೆ ಬಾಯಿ ಬರಲಿಲ್ಲ.

ಕರ್ನಾಟಕ ಸರಕಾರ ತನ್ನ ಮಹಿಳಾ ನೌಕರರಿಗೆ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಎಂಬ ಯೋಜನೆ 2023ರಲ್ಲಿ ಬಂತು, ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ. ಇವೆರಡರ ನಡುವೆ ಬೀಳುವವರು ಇದ್ದಾರಲ್ಲ, ಕೈಗಾರಿಕಾ ವಸಾಹತಿನ ಸಣ್ಣ ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಮಾಡುವವಳು, ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ನಿಲ್ಲುವವಳು, ಎಲ್.ಕೆ.ಜಿ. ಟೀಚರು, ಆಯಾ, ಇವರ ಕೂಸು ಯಾವ ಮನೆಗೆ ಹೋಗಬೇಕು? ಐವತ್ತು ಜನ ಕೆಲಸಗಾರರಿದ್ದರೆ ಶಿಶುಪಾಲನಾ ಕೋಣೆ ಬೇಕೆಂದು ಕಾನೂನು. ಅದಕ್ಕೇ ನಲವತ್ತೊಂಬತ್ತು ಜನರ ಹಾಜರಿ ಪುಸ್ತಕಗಳು ಹುಟ್ಟಿಕೊಂಡಿವೆಯೋ ಏನೋ. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಸಲ ಬಿಡುವು ಕೊಡಬೇಕೆಂಬ ನಿಯಮವೂ ಇದೆ. ಕೂಸು ಮನೆಯಲ್ಲಿ, ತಾಯಿ ಐದು ಕಿಲೋಮೀಟರ್ ದೂರದಲ್ಲಿ. ಆ ಬಿಡುವಿನಲ್ಲಿ ಅವಳು ಏನು ಮಾಡಬೇಕು?

ಅಪ್ಪಂದಿರ ಹೆಸರು ಇಲ್ಲಿಯವರೆಗೆ ಬರಲಿಲ್ಲವೆಂದು ಕೆಲವರಿಗೆ ಸಮಾಧಾನವಾಗಿರಬಹುದು. ಸಂಜೆ ಗೋಕುಲ ರಸ್ತೆಯ ಗಾಡಿಗಳ ಮುಂದೆ ಗಿರಮಿಟ್ಟು ಮಿರ್ಚಿ ಹಿಡಿದು ನಿಂತವರಲ್ಲಿ ಎಷ್ಟು ಜನರ ಮನೆಯಲ್ಲಿ ವರ್ಷದೊಳಗಿನ ಕೂಸಿದೆಯೋ! ಅಲ್ಲಿ ಅರ್ಧ ತಾಸು ಸಿಗುತ್ತದೆ. ಚಮಚ ಹಿಡಿಯಲು ಮೊಲೆಹಾಲು ಬೇಕಿಲ್ಲ, ಕೈ ಸಾಕು. ಆರು ತಿಂಗಳಾದ ಮೇಲೆ ಕೂಸಿನ ಊಟ ಗಂಡಸಿಗೂ ಸಾಧ್ಯವಾದ ಕೆಲಸ ಎಂಬ ಸರಳ ಸಂಗತಿ ನಮ್ಮ ಮನೆಗಳಲ್ಲಿ ಇನ್ನೂ ಹೊಳೆದಿಲ್ಲ. ಹೊಳೆದ ಕೆಲವರು ಮೊಬೈಲನ್ನು ಕೂಸಿನ ಕಣ್ಣಿಗೆ ಹಿಡಿದು ಬಾಯಿಗೆ ತುರುಕುತ್ತಾರೆ. ಅದು ಉಣಿಸುವುದಲ್ಲ. ಹೊಟ್ಟೆ ತುಂಬಿದ್ದು ಕೂಸಿಗೇ ತಿಳಿಯಬೇಕು. ಕಣ್ಣು ಬೇರೆಲ್ಲೋ ಇದ್ದರೆ ಅದು ಕಲಿಯುವುದೇ ಇಲ್ಲ.

ಆ ಹುಡುಗಿಯ ಪರವಾಗಿ ನಾನು, ಇನ್ನಿಬ್ಬರು ಹಿರಿಯ ಶಿಕ್ಷಕಿಯರು ಅವಳ ಶಾಲೆಯ ಆಡಳಿತದವರನ್ನು ಕಂಡಿದ್ದೆವು. ಕೇಳಿದ್ದು ಹೆಚ್ಚೇನಲ್ಲ: ಬಾಗಿಲಿರುವ ಒಂದು ಕೋಣೆ, ಒಂದು ಚಾಪೆ, ಬಿಸಿ ನೀರಿನ ವ್ಯವಸ್ಥೆ, ಮಧ್ಯಾಹ್ನ ಅರ್ಧ ತಾಸು. ಅತ್ತೆ ಕೂಸನ್ನು ಆಟೊದಲ್ಲಿ ಕರೆತರಲು ಒಪ್ಪಿದ್ದರು. ಆಡಳಿತದವರು ನಮಗೆ ಚಹಾ ಕೊಟ್ಟು, ವಿಚಾರ ಮಾಡುತ್ತೇವೆ, ಆದರೆ ಸದ್ಯಕ್ಕೆ ಖಾಲಿ ಕೋಣೆ ಇಲ್ಲ ಎಂದರು. ಜೂನ್ ತಿಂಗಳಲ್ಲಿ ಹೋದಾಗ ಮಹಡಿಯ ಕೊನೆಯ ಕೋಣೆಗೆ ಹೊಸ ಬಾಗಿಲು ಕೂಡಿಸಿದ್ದರು. ಒಳಗೆ ಎ.ಸಿ. ಹಾಕಿ, ಶಾಲೆಯ ಕ್ಯಾಮೆರಾಗಳ ಪರದೆಗಳನ್ನು ಸಾಲಾಗಿ ಇಟ್ಟಿದ್ದಾರೆ.